ಡೆಕಾಲ್ ಮಿನುಗಿತು, ವಾಷ್ ಬಣ್ಣವನ್ನೇ ಕಿತ್ತಿತು: ತಪ್ಪಿದ್ದು ಎಲ್ಲಿ?

ಪ್ರಶ್ನೆ: ಒಂದು ವರ್ಷದಿಂದ ಪ್ಲಾಸ್ಟಿಕ್ ಸ್ಕೇಲ್ ಮಾಡೆಲ್‌ಗಳನ್ನು ಜೋಡಿಸುತ್ತಿದ್ದೇನೆ. ಜೋಡಣೆ ಒಂದು ಹದಕ್ಕೆ ಬಂದಿದೆ. ಬಣ್ಣ ಬಳಿದ ನಂತರದ ಕೆಲಸದಲ್ಲಿ ಮಾತ್ರ ಪ್ರತಿ ಸಲವೂ ಎಡವುತ್ತೇನೆ. 1/72ರ (ನಿಜವಾದುದರ ಎಪ್ಪತ್ತೆರಡನೇ ಒಂದು ಭಾಗದ ಗಾತ್ರದ) ಸ್ಪಿಟ್‌ಫೈರ್ ಯುದ್ಧವಿಮಾನಕ್ಕೆ ಮ್ಯಾಟ್ (ಹೊಳಪಿಲ್ಲದ) ಇನಾಮೆಲ್ ಬಣ್ಣ ಬಳಿದು, ಎರಡು ದಿನ ಒಣಗಲು ಬಿಟ್ಟು, ನೀರಿನಲ್ಲಿ ನೆನೆಸಿ ಕೂರಿಸುವ ತೆಳು ಚಿತ್ರಗಳಾದ ಡೆಕಾಲ್ ಅಂಟಿಸಿದೆ. ದುಂಡನೆಯ ಲಾಂಛನಗಳ ಸುತ್ತ ಬೆಳ್ಳಿಯಂಥ ಮಿನುಗು ಉಳಿಯಿತು. ಆಮೇಲೆ ಫಲಕಗಳ ನಡುವಿನ ಗೀಟುಗಳು ಎದ್ದು ಕಾಣಲೆಂದು ಕಪ್ಪು ಇನಾಮೆಲ್ ವಾಷ್, ಅಂದರೆ ತೀರಾ ತೆಳು ಮಾಡಿದ ಬಣ್ಣ, ಹಚ್ಚಿದೆ. ಇಡೀ ರೆಕ್ಕೆಯನ್ನು ಮಸಿಬಟ್ಟೆಯಿಂದ ಒರೆಸಿದಂತಾಯಿತು, ತೆಗೆಯಲು ಹೋದರೆ ಬಣ್ಣವೇ ಎದ್ದು ಬಂತು. ರೆಕ್ಕೆಯ ಬುಡದಲ್ಲಿ ಒಂದು ಸಣ್ಣ ಬಿರುಕೂ ಬಿಟ್ಟಿದೆ. 1/35ರ ಪ್ಯಾಂಥರ್ ಟ್ಯಾಂಕಿಗೆ ತುಕ್ಕು, ಕೆಸರು, ಗೀರು ಎಲ್ಲವನ್ನೂ ಮಾಡಿದೆ; ನೋಡಿದವರು ‘ಗುಜರಿಯಿಂದ ತಂದಿದ್ದೇ?’ ಎಂದು ಕೇಳಿದರು. ಪದರಗಳ ಸರಿಯಾದ ಕ್ರಮ ಯಾವುದು? ಮಾಡೆಲ್ ಬಳಸಿ ಹಳತಾದಂತೆ ಕಾಣಿಸುವ ಈ ವೆದರಿಂಗ್ ಎಷ್ಟು ಮಾಡಿದರೆ ಸಾಕು? ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಏರ್‌ಬ್ರಷ್ ನನ್ನ ಬಳಿ ಇಲ್ಲದಿರುವುದೇ ಇದಕ್ಕೆಲ್ಲ ಕಾರಣವೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಏರ್‌ಬ್ರಷ್ ಇದ್ದಿದ್ದರೂ ನಿಮ್ಮ ಸ್ಪಿಟ್‌ಫೈರ್‌ಗೆ ಇದೇ ಗತಿಯಾಗುತ್ತಿತ್ತು. ನೀವು ಬರೆದಿರುವ ನಾಲ್ಕು ತೊಂದರೆಗಳಲ್ಲಿ ವಿಮಾನಕ್ಕೆ ಸಂಬಂಧಿಸಿದ ಮೂರೂ ಒಂದೇ ಕಡೆಯಿಂದ ಹುಟ್ಟಿವೆ: ಒಂದು ಪದರದ ಮೇಲೆ ಇನ್ನೊಂದನ್ನು ಹಚ್ಚುವಾಗ, ಮೇಲಿನದು ಕೆಳಗಿನದಕ್ಕೆ ಏನು ಮಾಡುತ್ತದೆ ಎಂಬುದನ್ನು ನೀವು ಲೆಕ್ಕಕ್ಕೆ ಹಿಡಿದಿಲ್ಲ. ಟ್ಯಾಂಕಿನದು ಬೇರೆ ಜಾತಿಯ ತಪ್ಪು. ಅಲ್ಲಿ ಕೈಗೆ ಬಂದ ತಂತ್ರಗಳನ್ನೆಲ್ಲ ಪ್ರಯೋಗಿಸಿದ್ದೀರಿ. ಆ ಕೊಳೆ ಅಲ್ಲಿಗೆ ಹೇಗೆ ಬಂತು ಎಂದು ಕೇಳಿಕೊಂಡಿಲ್ಲ. ಎರಡನ್ನೂ ಬೇರೆ ಬೇರೆಯಾಗಿಯೇ ನೋಡೋಣ.

ಈ ಹವ್ಯಾಸದಲ್ಲಿ ಬಳಸುವ ಬಣ್ಣಗಳು ಸ್ಥೂಲವಾಗಿ ಮೂರು ಕುಲದವು. ಮಿಸ್ಟರ್ ಕಲರ್‌ನಂಥ ಲ್ಯಾಕರ್‌ಗಳು ಖಾರವಾದ ದ್ರಾವಕದಲ್ಲಿ ಇರುತ್ತವೆ. ಬೇಗ ಒಣಗಿ, ಪ್ಲಾಸ್ಟಿಕ್ಕನ್ನು ತುಸು ಕಚ್ಚಿಕೊಂಡು ಗಟ್ಟಿಯಾಗಿ ನಿಲ್ಲುತ್ತವೆ. ಆಕ್ರಿಲಿಕ್‌ಗಳಲ್ಲೇ ಎರಡು ಬಗೆ: ತಮಿಯಾದಂಥವು ಆಲ್ಕೋಹಾಲ್‌ನಲ್ಲಿ ಸಲೀಸಾಗಿ ತೆಳುವಾಗುತ್ತವೆ, ವಲ್ಲೇಹೊದಂಥವು ನೀರಿನವು, ಅವುಗಳಿಗೆ ಆಲ್ಕೋಹಾಲ್ ಬೆರೆಸಿದರೆ ಬಟ್ಟಲಿನಲ್ಲೇ ಗಂಟುಗಂಟಾಗುವ ಸಂಭವವುಂಟು. ಮೂರನೆಯದು ಇನಾಮೆಲ್, ಹಂಬ್ರೋಲ್‌ನ ಪುಟ್ಟ ತಗಡಿನ ಡಬ್ಬಿಗಳನ್ನು ನೆನೆಸಿಕೊಳ್ಳಿ. ಅದು ವೈಟ್ ಸ್ಪಿರಿಟ್‌ನಲ್ಲಿ (ಬಣ್ಣ ತೆಳುಗೊಳಿಸುವ ಪೆಟ್ರೋಲಿಯಂ ದ್ರಾವಕ) ಕರಗುತ್ತದೆ ಮತ್ತು ನಿಧಾನವಾಗಿ ಒಣಗುತ್ತದೆ. ಕಲಾವಿದರ ತೈಲವರ್ಣವೂ, ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಹೆಚ್ಚಿನ ಇನಾಮೆಲ್ ವಾಷ್‌ಗಳೂ ವೈಟ್ ಸ್ಪಿರಿಟ್ ವಿಷಯದಲ್ಲಿ ಈ ಮೂರನೆಯ ಕುಲದವರ ಜೊತೆಗೇ ಸೇರುತ್ತವೆ. ಮೇಲೆ ಬರುವ ಪದರದ ದ್ರಾವಕ ಕೆಳಗಿನ ಪದರವನ್ನು ಕರಗಿಸಬಾರದು ಎಂಬುದೊಂದೇ ನಿಯಮ. ಅದರ ಪ್ರಕಾರ ಖಾರದ್ದು ಕೆಳಗೆ, ಸೌಮ್ಯವಾದದ್ದು ಮೇಲೆ; ಅಂದರೆ ಲ್ಯಾಕರ್ ಮೇಲೆ ಆಕ್ರಿಲಿಕ್, ಆಕ್ರಿಲಿಕ್ ಮೇಲೆ ಇನಾಮೆಲ್ ಅಥವಾ ತೈಲವರ್ಣ. ಇದನ್ನು ತಿರುವುಮುರುವು ಮಾಡಿ ಇನಾಮೆಲ್ ಮೇಲೆ ಲ್ಯಾಕರ್ ಒದ್ದೆಯಾಗಿ ಸಿಂಪಡಿಸಿದರೆ ಕೆಳಗಿನ ಬಣ್ಣ ಮುದುಕರ ಅಂಗೈಯಂತೆ ಸುಕ್ಕುಗಟ್ಟುತ್ತದೆ.

ನೀವು ಮಾಡಿದ್ದು ಇನಾಮೆಲ್ ಮೇಲೆ ಇನಾಮೆಲ್. ಎರಡು ದಿನಕ್ಕೆ ಇನಾಮೆಲ್ ಬೆರಳಿಗೆ ಅಂಟದಷ್ಟು ಒಣಗಿರುತ್ತದೆ, ಒಳಗೆ ಮಾತ್ರ ಇನ್ನೂ ಹಸಿಯೇ. ಅದು ಪೂರ್ತಿ ಬಲಿಯಲು ಒಂದು ವಾರವೋ ಅದಕ್ಕಿಂತ ಹೆಚ್ಚೋ ಬೇಕು. ಬಲಿಯದ ಬಣ್ಣದ ಮೇಲೆ ವೈಟ್ ಸ್ಪಿರಿಟ್‌ನಲ್ಲಿ ಅದ್ದಿದ ಕುಂಚವನ್ನು ಆಡಿಸಿದರೆ, ಅದಕ್ಕೆ ವಾಷ್ ಯಾವುದು ಮೂಲ ಬಣ್ಣ ಯಾವುದು ಎಂಬ ಭೇದ ತಿಳಿಯುವುದಿಲ್ಲ; ಎರಡನ್ನೂ ಎಬ್ಬಿಸುತ್ತದೆ. ಇನಾಮೆಲ್ ಬಣ್ಣವನ್ನೇ ಬಳಸುವ ಆಸೆಯಿದ್ದರೆ ಬಳಸಿ, ಅದರಲ್ಲಿ ತಪ್ಪೇನಿಲ್ಲ; ಕುಂಚದಿಂದ ಬಳಿದಾಗ ಅದರಷ್ಟು ನಯವಾಗಿ ತಾನೇ ಸಮತಟ್ಟಾಗುವ ಬಣ್ಣ ಕಡಿಮೆ. ಆದರೆ ಬಲಿಯಲು ಬಿಡಿ, ಆಮೇಲೆ ನೀರಿನ ಆಕ್ರಿಲಿಕ್ ವಾರ್ನಿಷ್‌ನ ಒಂದು ಪದರವನ್ನು ತಡೆಗೋಡೆಯಾಗಿ ಹಚ್ಚಿ. ಆ ಪದರವೂ ಒಂದು ದಿನ ಒಣಗಿದ ಮೇಲೆ ಇನಾಮೆಲ್ ವಾಷ್ ಹಚ್ಚಿ ಒರೆಸಿದರೆ ಕೆಳಗಿನ ಬಣ್ಣಕ್ಕೆ ಸುದ್ದಿಯೂ ಮುಟ್ಟುವುದಿಲ್ಲ. ಯಾವ ಜೋಡಿಯ ಬಗ್ಗೆಯೇ ಆಗಲಿ ಅನುಮಾನವಿದ್ದರೆ, ಕಿಟ್‌ನ ಬಿಡಿಭಾಗಗಳನ್ನು ಕತ್ತರಿಸಿ ತೆಗೆದ ಮೇಲೆ ಉಳಿಯುವ ಸ್ಪ್ರೂ ಚೌಕಟ್ಟಿನ ತುಂಡಿನ ಮೇಲೆ ಅದೇ ಕ್ರಮದಲ್ಲಿ ಬಳಿದು ನೋಡಿ. ಮಾಡೆಲ್‌ನ ಜೊತೆಜೊತೆಗೇ ಬಣ್ಣ ಪಡೆಯುತ್ತಾ ಹೋಗುವ ಇಂಥದೊಂದು ತುಂಡು ನನ್ನ ಮೇಜಿನ ಮೇಲೆ ಯಾವಾಗಲೂ ಇರುತ್ತದೆ.

ಬಿರುಕಿನ ವಿಷಯ ಇದಕ್ಕೆ ಅಂಟಿಕೊಂಡೇ ಬರುತ್ತದೆ. ಕಿಟ್‌ಗಳ ಪ್ಲಾಸ್ಟಿಕ್ ಪಾಲಿಸ್ಟೈರೀನ್. ಸಂದು ಸರಿಯಾಗಿ ಕೂರದ ಕಡೆ ನಾವು ರಬ್ಬರ್ ಬ್ಯಾಂಡ್ ಬಿಗಿದು ಅಥವಾ ಬಾಗಿಸಿ ಹಿಡಿದು ಅಂಟಿಸುತ್ತೇವಲ್ಲ, ಅಲ್ಲಿ ಅಂಟು ಒಣಗಿದ ನಂತರವೂ ಎಳೆತ ಉಳಿದಿರುತ್ತದೆ. ಅಂಥ ಎಳೆತದಲ್ಲಿರುವ ಬರಿಯ ಪಾಲಿಸ್ಟೈರೀನ್‌ಗೆ ವೈಟ್ ಸ್ಪಿರಿಟ್ ತಾಗಿದರೆ ಅದು ಒಳಗೆ ಇಳಿದು ಪ್ಲಾಸ್ಟಿಕ್ಕನ್ನು ಪೆಡಸು ಮಾಡುತ್ತದೆ, ಕ್ರಮೇಣ ಸೀಳುತ್ತದೆ. ರೆಕ್ಕೆಯ ಬುಡ ಇದಕ್ಕೆ ಹೇಳಿ ಮಾಡಿಸಿದ ಜಾಗ: ಎಳೆತವೂ ಅಲ್ಲೇ, ವಾಷ್ ಹರಿದು ಮಡುಗಟ್ಟುವುದೂ ಅಲ್ಲೇ. ಹಿಂದೊಮ್ಮೆ ನಾನು ಒಂದು ವಿಮಾನದ ಚಕ್ರದ ಕಾಲುಗಳಿಗೆ ಎಣ್ಣೆಯ ಕಲೆ ಕಾಣಲೆಂದು ತೆಳು ವಾಷ್ ಧಾರಾಳವಾಗಿ ಸುರಿದು ಮಲಗಿದ್ದೆ; ಬೆಳಿಗ್ಗೆ ವಿಮಾನ ಹೊಟ್ಟೆಯ ಮೇಲೆ ಕೂತಿತ್ತು, ಎರಡೂ ಕಾಲುಗಳು ಬುಡದಲ್ಲಿ ಪಟ್ಟನೆ ಮುರಿದಿದ್ದವು. ಅಂದಿನಿಂದ ಭಾರ ಹೊರುವ ಭಾಗಗಳಿಗೆ ವಾಷ್ ಹಚ್ಚುವಾಗ ಕುಂಚದ ತುದಿಯನ್ನು ಮೊದಲು ಕಾಗದಕ್ಕೆ ಒತ್ತಿ ಅರ್ಧ ಒಣಗಿಸಿಕೊಳ್ಳುತ್ತೇನೆ, ಮಡುಗಟ್ಟಿದ್ದನ್ನು ಕೂಡಲೇ ಹೀರಿ ತೆಗೆಯುತ್ತೇನೆ. ಬಣ್ಣಕ್ಕೂ ಮೊದಲು ಬಳಿಯುವ ತಳಪದರವಾದ ಪ್ರೈಮರ್ ಎಲ್ಲ ಮೂಲೆಗಳನ್ನೂ ಮುಚ್ಚಿದ್ದರೆ ಅಪಾಯ ಬಹುಪಾಲು ತಪ್ಪುತ್ತದೆ.

ಇನ್ನು ಡೆಕಾಲ್‌ಗಳ ಮಿನುಗಿಗೆ ಬರೋಣ. ಮ್ಯಾಟ್ ಬಣ್ಣ ಹೊಳೆಯದಿರುವುದಕ್ಕೆ ಕಾರಣ ಅದರ ಮೇಲ್ಮೈ ಒರಟಾಗಿರುವುದು. ಕಣ್ಣಿಗೆ ಕಾಣದ ತಗ್ಗುದಿಣ್ಣೆಗಳು ಬೆಳಕನ್ನು ದಿಕ್ಕಾಪಾಲಾಗಿ ಚೆದರಿಸುತ್ತವೆ. ಡೆಕಾಲ್‌ನ ತೆಳುವಾದ ಪಾರದರ್ಶಕ ಹಾಳೆ ಆ ದಿಣ್ಣೆಗಳ ತುದಿಯ ಮೇಲೆ ಮಾತ್ರ ಕೂರುತ್ತದೆ, ತಗ್ಗುಗಳಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ನೀವು ಕಂಡ ಬೆಳ್ಳಿಯ ಮಿನುಗು ಆ ಗಾಳಿಯದೇ. ವಾಷ್ ಮಸಿಬಟ್ಟೆಯಂತೆ ಹರಡಿದ್ದಕ್ಕೂ ಕಾರಣ ಇದೇ ಒರಟುತನ, ಏಕೆಂದರೆ ಮಸಿಯೂ ಆ ತಗ್ಗುಗಳಲ್ಲೆಲ್ಲ ಇಳಿದು ಕೂತಿತು. ಆದ್ದರಿಂದ ಡೆಕಾಲ್‌ಗೂ ವಾಷ್‌ಗೂ ಮೊದಲು ಬೇಕಾದದ್ದು ಹೊಳಪಿನ ವಾರ್ನಿಷ್. ಹೊಸಬರು ಇದನ್ನು ಬಿಟ್ಟುಬಿಡುವುದು ಸಹಜ. ಕೊನೆಗೆ ಮ್ಯಾಟ್ ಆಗಿ ಕಾಣಬೇಕಾದ ವಿಮಾನವನ್ನು ನಡುವೆ ಆಟಿಕೆಯಂತೆ ಹೊಳೆಯಿಸಬೇಕು ಎಂದರೆ ಯಾರಿಗೂ ಮನಸ್ಸು ಒಪ್ಪುವುದಿಲ್ಲ. ಒಪ್ಪಿಸಿಕೊಳ್ಳಿ.

ಡೆಕಾಲ್ ಅಂಟಿಸುವ ವಿಧಾನವನ್ನು ತುಸು ಬಿಡಿಸಿ ಹೇಳುತ್ತೇನೆ. ಹೊಳಪಿನ ಪದರ ಒಣಗಿದ ಮೇಲೆ, ಡೆಕಾಲ್ ಕೂರಬೇಕಾದ ಜಾಗಕ್ಕೆ ಮೈಕ್ರೋ ಸೆಟ್‌ನಂಥ ದ್ರವದ ಒಂದು ಹನಿ ಹಚ್ಚಿ. ಡೆಕಾಲನ್ನು ಬೆಚ್ಚಗಿನ ನೀರಿನಲ್ಲಿ ಅದ್ದಿ ತೆಗೆದು, ಕಾಗದದ ಮೇಲೆ ಅದು ತಾನಾಗಿ ಜಾರುವವರೆಗೆ ಕಾಯಿರಿ. ಜಾರದಿದ್ದನ್ನು ಉಗುರಿನಿಂದ ತಳ್ಳಿದರೆ ಹರಿಯುತ್ತದೆ. ಜಾಗಕ್ಕೆ ಜಾರಿಸಿ, ಒದ್ದೆ ಕುಂಚದಿಂದ ನಡುವಿನಿಂದ ಅಂಚಿಗೆ ನೀರನ್ನು ಹೊರಗೆ ಒತ್ತಿ. ಆನಂತರ ಮೈಕ್ರೋ ಸೋಲ್ ಅಥವಾ ಮಿಸ್ಟರ್ ಮಾರ್ಕ್ ಸಾಫ್ಟರ್‌ನಂಥ ಮೆದುಗೊಳಿಸುವ ದ್ರವವನ್ನು ಮೇಲೆ ಸವರಿ ಕೈ ತೆಗೆಯಿರಿ. ಕೆಲವೇ ನಿಮಿಷಗಳಲ್ಲಿ ಡೆಕಾಲ್ ಸುಕ್ಕುಸುಕ್ಕಾಗಿ ಎದ್ದು ಎದೆ ಧಸಕ್ಕೆನ್ನಿಸುತ್ತದೆ. ಆಗ ಮುಟ್ಟಿದವನು ಕೆಟ್ಟ. ಬಿಟ್ಟರೆ ಅದು ಒಣಗುತ್ತಾ ತಾನೇ ಇಳಿದು, ಫಲಕಗಳ ನಡುವಿನ ಗೀಟಿನೊಳಗೂ ರಿವೆಟ್ಟಿನ ಸುತ್ತಲೂ ಬಣ್ಣದಂತೆಯೇ ಮೈಗೆ ಕೂರುತ್ತದೆ. ಈಗಾಗಲೇ ಮಿನುಗುತ್ತಿರುವ ನಿಮ್ಮ ಲಾಂಛನಗಳನ್ನು ಹೊಸ ಬ್ಲೇಡಿನ ತುದಿಯಿಂದ ಅಲ್ಲಲ್ಲಿ ಚುಚ್ಚಿ, ಅದೇ ಮೆದುಗೊಳಿಸುವ ದ್ರವವನ್ನು ಆ ರಂಧ್ರಗಳಿಗೆ ಎರಡು ಮೂರು ಬಾರಿ ಉಣಿಸಿ. ಗಾಳಿ ಹೊರಬಿದ್ದು ಮಿನುಗು ಬಹಳಷ್ಟು ಅಡಗುತ್ತದೆ, ಪೂರ್ತಿ ಹೋಗದೆಯೂ ಇರಬಹುದು.

ಹೀಗಾಗಿ ನೀವು ಕೇಳಿದ ಕ್ರಮ ಹೀಗೆ ನಿಲ್ಲುತ್ತದೆ: ಬಿಡಿಭಾಗಗಳನ್ನು ಸೋಪಿನ ನೀರಿನಲ್ಲಿ ತೊಳೆದು ಅಚ್ಚಿನ ಎಣ್ಣೆಯನ್ನು ಕಳೆಯುವುದು, ಜೋಡಣೆ, ಪ್ರೈಮರ್, ಮೂಲ ಬಣ್ಣ, ಹೊಳಪಿನ ವಾರ್ನಿಷ್, ಡೆಕಾಲ್, ಅದನ್ನು ಮುಚ್ಚಲು ಮತ್ತೊಂದು ತೆಳು ಹೊಳಪು, ವಾಷ್, ಆಮೇಲೆ ಮ್ಯಾಟ್ ವಾರ್ನಿಷ್, ಎಲ್ಲಕ್ಕೂ ಕೊನೆಯಲ್ಲಿ ಧೂಳು ಮತ್ತು ಒಣ ಪಿಗ್ಮೆಂಟ್ (ಬಣ್ಣದ) ಪುಡಿ. ಪುಡಿಯ ಮೇಲೆ ವಾರ್ನಿಷ್ ಸಿಂಪಡಿಸಿದರೆ ಅರ್ಧಕ್ಕರ್ಧ ಕಾಣೆಯಾಗುವುದರಿಂದ ಅದಕ್ಕೆ ಕೊನೆಯ ಸ್ಥಾನ. ಗಾಜಿನ ಭಾಗಗಳ ಬಳಿ ಸೂಪರ್ ಗ್ಲೂ ತರಬೇಡಿ. ಅದರ ಆವಿ ಕಾಕ್‌ಪಿಟ್‌ನ ಮುಚ್ಚಳಕ್ಕೆ ಮಂಜು ಹಿಡಿಸುತ್ತದೆ.

ವಾಷ್ ಎಂಬ ಪದವೇ ಹಲವರನ್ನು ದಾರಿ ತಪ್ಪಿಸಿದೆ ಎಂದು ನನ್ನ ಅನಿಸಿಕೆ. ಮಾಡೆಲ್‌ನ ಮೈತುಂಬ ತೊಳೆದಂತೆ ಹಚ್ಚಿ ಒರೆಸುವ ಪದ್ಧತಿ ಹಳೆಯದು. ಈಗ ಹೆಚ್ಚು ಜನ ಅನುಸರಿಸುವುದು ಪಿನ್ ವಾಷ್ ಅನ್ನು. ತೈಲವರ್ಣದ ಗುಲಗಂಜಿಯಷ್ಟು ಭಾಗವನ್ನು ಒಂದು ರಟ್ಟಿನ ಮೇಲೆ ಹಿಂಡಿ ಅರ್ಧ ಗಂಟೆ ಬಿಡಿ. ರಟ್ಟು ಎಣ್ಣೆಯನ್ನು ಹೀರಿಕೊಳ್ಳುವುದರಿಂದ ಬಣ್ಣ ಬೇಗ ಒಣಗುತ್ತದೆ, ಮಿರುಗುವುದೂ ಇಲ್ಲ. ಅದನ್ನು ವೈಟ್ ಸ್ಪಿರಿಟ್‌ನಲ್ಲಿ ಕದಡಿ, ಚೂಪು ತುದಿಯ ಸಣ್ಣ ಕುಂಚವನ್ನು ಅದ್ದಿ, ಅರ್ಧ ಒಣಗಿಸಿ, ಫಲಕಗಳ ನಡುವಿನ ಗೀಟಿಗೆ ಒಂದೇ ಒಂದು ಕಡೆ ಮುಟ್ಟಿಸಿ. ದ್ರವ ಗೀಟಿನುದ್ದಕ್ಕೂ ತಾನಾಗಿ ಓಡುತ್ತದೆ. ರಿವೆಟ್ ಸಿಕ್ಕರೆ ಸುತ್ತಿಕೊಂಡು ಮುಂದೆ ಹೋಗುತ್ತದೆ. ಹೊಳಪಿನ ಪದರ ಸರಿಯಾಗಿದೆಯೋ ಇಲ್ಲವೋ ಎಂಬುದಕ್ಕೆ ಈ ಓಟವೇ ಪರೀಕ್ಷೆ: ಓಡದೆ ಮುಟ್ಟಿಸಿದಲ್ಲೇ ಕಲೆಯಾಗಿ ನಿಂತರೆ ಅಲ್ಲಿ ಮೇಲ್ಮೈ ಇನ್ನೂ ಒರಟಾಗಿದೆ ಎಂದರ್ಥ. ಅರ್ಧ ಗಂಟೆಯ ನಂತರ ಶುದ್ಧ ವೈಟ್ ಸ್ಪಿರಿಟ್‌ನಿಂದ ತೇವ ಮಾಡಿದ, ಬಹುತೇಕ ಒಣಗಿದ ಚಪ್ಪಟೆ ಕುಂಚದಿಂದ ಹೆಚ್ಚಾದದ್ದನ್ನು ಒರೆಸಿ. ವಿಮಾನದಲ್ಲಿ ಮುಂದಿನಿಂದ ಹಿಂದಕ್ಕೆ, ಟ್ಯಾಂಕಿನಲ್ಲಿ ಮೇಲಿನಿಂದ ಕೆಳಕ್ಕೆ. ಬಣ್ಣ ಮಾತ್ರ ಬರಿಯ ಕಪ್ಪು ಬೇಡ. 1943ರ ಫೆಬ್ರವರಿಯಿಂದ ಜರ್ಮನ್ ವಾಹನಗಳ ಮೂಲ ಬಣ್ಣವಾದ ಮಾಸಲು ಹಳದಿಯ ಮೇಲೆ ಕಪ್ಪು ಗೀಟುಗಳು ಪೆನ್ನಿನಿಂದ ಗೀಚಿದ ನಕ್ಷೆಯಂತೆ ಕಾಣುತ್ತವೆ. ಅಲ್ಲಿಗೆ ಗಾಢ ಕಂದು ಹೊಂದುತ್ತದೆ. ಬೂದು ಬಣ್ಣದ ವಿಮಾನಕ್ಕೆ ಇನ್ನಷ್ಟು ಗಾಢವಾದ ಬೂದು ಸಾಕು.

ಈಗ ನಿಮ್ಮ ಪ್ಯಾಂಥರ್. ವೆದರಿಂಗ್ ಎಷ್ಟು ಸಾಕು ಎಂದು ಕೇಳಿದ್ದೀರಿ. ಅದಕ್ಕೆ ಅಳತೆ ಹೇಳಲು ಬರುವುದಿಲ್ಲ, ಆದರೆ ಪ್ರತಿ ಕಲೆಯನ್ನೂ ತಡೆದು ನಿಲ್ಲಿಸಿ ಕೇಳಬೇಕಾದ ಪ್ರಶ್ನೆಗಳಿವೆ. ಮೊದಲನೆಯದು ಗಣಿತದ್ದು. 1/35ರಲ್ಲಿ 175 ಸೆಂಟಿಮೀಟರ್ ಎತ್ತರದ ಮನುಷ್ಯ 5 ಸೆಂಟಿಮೀಟರ್ ಆಗುತ್ತಾನೆ, 1 ಮಿಲಿಮೀಟರ್‌ನ ಗೀರು 35 ಮಿಲಿಮೀಟರ್‌ನ ಬಣ್ಣದ ಹಕ್ಕಳೆಯಾಗುತ್ತದೆ. ಸ್ಪಂಜಿನಿಂದ ಒತ್ತಿದ 3 ಮಿಲಿಮೀಟರ್‌ನ ಕಲೆ ಎಂದರೆ ನಿಜವಾದ ಟ್ಯಾಂಕಿನ ಮೇಲೆ ಹತ್ತು ಸೆಂಟಿಮೀಟರ್‌ಗೂ ಮೀರಿದ ಬೋಳು. ಅಂಥದು ನೂರಾರು ಇದ್ದರೆ ನೋಡಿದವರು ಗುಜರಿ ಎನ್ನದೆ ಇನ್ನೇನು ಎನ್ನುತ್ತಾರೆ? 1/72ರಲ್ಲಿ 1 ಮಿಲಿಮೀಟರ್ ಎಂದರೆ 7 ಸೆಂಟಿಮೀಟರ್ ದಾಟುತ್ತದೆ, 1/700ರ ಹಡಗಿನಲ್ಲಿ 70 ಸೆಂಟಿಮೀಟರ್. ಅಳತೆ ಚಿಕ್ಕದಾದಷ್ಟೂ ಗೀರುಗಳನ್ನು ಕೈಬಿಟ್ಟು ಬಣ್ಣದ ಛಾಯೆಯ ಏರಿಳಿತದಲ್ಲೇ ಹಳತನವನ್ನು ಸೂಚಿಸಬೇಕಾಗುತ್ತದೆ. (ಈ 1/35 ಎಂಬ ವಿಚಿತ್ರ ಅಳತೆಯೇ ಪ್ಯಾಂಥರ್‌ನಿಂದ ಬಂದದ್ದು. 1960ರ ದಶಕದ ಆರಂಭದಲ್ಲಿ ತಮಿಯಾ ಮೋಟಾರಿನಿಂದ ಓಡುವ ಪ್ಯಾಂಥರ್ ಕಿಟ್ ಮಾಡುವಾಗ ಒಳಗೆ ಬ್ಯಾಟರಿಗಳು ಹಿಡಿಸಬೇಕಿತ್ತು. ಅವು ಹಿಡಿಸುವ ಗಾತ್ರವನ್ನು ಆಮೇಲೆ ಅಳೆದಾಗ ಅದು ಹೆಚ್ಚುಕಡಿಮೆ ಮೂವತ್ತೈದನೇ ಒಂದು ಭಾಗವಾಗಿತ್ತು. ನಂತರದವರು ಅದನ್ನೇ ಹಿಡಿದರು.)

ಎರಡನೆಯ ಪ್ರಶ್ನೆ, ಇದು ಯಾವ ವಸ್ತುವಿನಿಂದ ಮಾಡಿದ್ದು ಎಂಬುದು. ಇದನ್ನು ನಾನು ಮುಖ ಕೆಂಪಾಗಿಸಿಕೊಂಡು ಕಲಿತೆ. ಡಿ ಹ್ಯಾವಿಲೆಂಡ್ ಮಸ್ಕಿಟೊ ವಿಮಾನದ ರೆಕ್ಕೆಯ ಬುಡದಲ್ಲಿ, ಕಾಲಿಟ್ಟು ಸವೆದಂತೆ ಕಾಣಲೆಂದು ಬೆಳ್ಳಿ ಬಣ್ಣದ ಸಣ್ಣ ಸಣ್ಣ ಗೀರುಗಳನ್ನು ಒಂದು ಸಂಜೆ ಪೂರ್ತಿ ಕೂತು ಬಿಡಿಸಿದ್ದೆ. ನೋಡಲು ಬಂದ ಹಿರಿಯರೊಬ್ಬರು ಬಹಳ ಹೊತ್ತು ಕನ್ನಡಕ ಸರಿಪಡಿಸಿಕೊಂಡು ನೋಡಿ, ‘ಮರದ ಒಳಗೆ ಬೆಳ್ಳಿ ಎಲ್ಲಿಂದ ಬಂತು?’ ಎಂದಷ್ಟೇ ಕೇಳಿದರು. ಮಸ್ಕಿಟೊದ ಮೈ ಪ್ಲೈವುಡ್ ಮತ್ತು ಬಾಲ್ಸಾ ಮರದ್ದು, ಮೇಲೆ ಬಟ್ಟೆಯ ಹೊದಿಕೆ. ಲೋಹ ಕಾಣಬಹುದಾದದ್ದು ಎಂಜಿನ್ನಿನ ಮುಚ್ಚಳಗಳಂಥ ಕೆಲವೇ ಕಡೆ. ನಿಮ್ಮ ಸ್ಪಿಟ್‌ಫೈರ್ ಅಲ್ಯೂಮಿನಿಯಂ, ಅದಕ್ಕೆ ಬೆಳ್ಳಿಯ ಗೀರು ಹೊಂದುತ್ತದೆ, ತುಕ್ಕು ಹೊಂದುವುದಿಲ್ಲ. ಹಾಕರ್ ಹರಿಕೇನ್ ಮಾಡುವುದಾದರೆ ಅದರ ಮೈಯ ಹಿಂಭಾಗ ಬಟ್ಟೆ ಹೊದಿಸಿದ್ದು ಎಂಬುದನ್ನು ನೆನಪಿಡಿ.

ಮೂರನೆಯದು, ಯಾರು ಮುಟ್ಟಿದರು, ಎಲ್ಲಿ ಮುಟ್ಟಿದರು ಎಂಬುದು. ಸ್ಪಿಟ್‌ಫೈರ್‌ನ ಕಾಕ್‌ಪಿಟ್ ಬಾಗಿಲು ಎಡಗಡೆಗಿದೆ, ಪೈಲಟ್ ಎಡ ರೆಕ್ಕೆಯ ಬುಡದ ಮೇಲೆ ಕಾಲಿಟ್ಟು ಹತ್ತುತ್ತಾನೆ. ಹಾಗಾಗಿ ಎಡಬದಿ ಬಲಬದಿಗಿಂತ ಹೆಚ್ಚು ಸವೆದಿರಬೇಕು. ಎರಡೂ ಬದಿಗೆ ಸಮಸಮನಾಗಿ ಗೀರು ಹಂಚಿದ ಮಾಡೆಲ್ ಕೂಡಲೇ ಕೃತಕವಾಗಿ ಕಾಣುವುದು ಇದಕ್ಕೇ. ಮುಖ್ಯ ಇಂಧನದ ತೊಟ್ಟಿ ಪೈಲಟ್‌ನ ಮುಂದೆ ಇರುವುದರಿಂದ ಚೆಲ್ಲಿದ ಪೆಟ್ರೋಲಿನ ಕಲೆ ಮುಂಗಾಜಿಗೂ ಮುಂದೆ, ಮೂಗಿನ ಮೇಲೆ ಬರಬೇಕು. ಎಕ್ಸಾಸ್ಟ್ ಕೊಳವೆಗಳ ಹಿಂದಿನ ಹೊಗೆಯ ಪಟ್ಟಿಯನ್ನು ಎಲ್ಲರೂ ಕಪ್ಪಾಗಿಯೇ ಬಳಿಯುತ್ತಾರೆ. ಆಗಿನ ವಿಮಾನ ಇಂಧನದಲ್ಲಿ ಸೀಸದ ಸಂಯುಕ್ತ ಇರುತ್ತಿದ್ದುದರಿಂದ ಆ ಪಟ್ಟಿಯ ನಡುಭಾಗ ಅನೇಕ ವೇಳೆ ತಿಳಿ ಬೂದಿಗೆ ತಿರುಗಿರುತ್ತಿತ್ತು. ಮೊದಲು ಅಗಲವಾಗಿ ಕಡುಕಂದು, ಅದರ ನಡುವೆ ಸಪುರವಾಗಿ ಬೂದು, ಎರಡೂ ಒಣ ಪಿಗ್ಮೆಂಟ್‌ನಲ್ಲಿ, ಮೆತ್ತನೆಯ ಕುಂಚದಿಂದ, ಗಾಳಿ ಹೋಗುವ ದಿಕ್ಕಿಗೆ ಎಳೆದು ನೋಡಿ.

ನಾಲ್ಕನೆಯದು ಕಾಲದ ಪ್ರಶ್ನೆ, ಟ್ಯಾಂಕಿನ ವಿಷಯದಲ್ಲಿ ನೀವು ಎಡವಿದ್ದು ಮುಖ್ಯವಾಗಿ ಇಲ್ಲಿ. ಪ್ಯಾಂಥರ್ ಯುದ್ಧಕ್ಕೆ ಇಳಿದದ್ದು 1943ರ ಜುಲೈನಲ್ಲಿ, ಕುರ್ಸ್ಕ್‌ನಲ್ಲಿ. ಯುದ್ಧ ಮುಗಿದದ್ದು 1945ರ ಮೇನಲ್ಲಿ. ಎಂದರೆ ಯಾವ ಪ್ಯಾಂಥರ್‌ಗೂ ಯುದ್ಧಭೂಮಿಯಲ್ಲಿ ಎರಡು ವರ್ಷ ತುಂಬಲಿಲ್ಲ, ಬಹಳಷ್ಟಕ್ಕೆ ಕೆಲವು ತಿಂಗಳೂ ಸಿಗಲಿಲ್ಲ. ದಪ್ಪ ಉಕ್ಕಿನ ಫಲಕದ ಮೇಲೆ ಆಳವಾದ, ಹಕ್ಕಳೆ ಏಳುವ ತುಕ್ಕು ಬರಲು ಅಷ್ಟು ಕಾಲ ಸಾಲದು. ಹಳದಿ ಬಣ್ಣ ಕಿತ್ತುಹೋದಲ್ಲಿ ಅದರ ಕೆಳಗಿನ ಇಟ್ಟಿಗೆ ಕೆಂಪಿನ ಪ್ರೈಮರ್ ಕಾಣುತ್ತದೆ, ಹೊಸಬರು ಅದನ್ನೇ ತುಕ್ಕು ಎಂದು ತಿಳಿಯುತ್ತಾರೆ. ಪ್ರೈಮರೂ ಹೋದ ಕಡೆ ಮಾತ್ರ ಗಾಢ ಕಂದು ಉಕ್ಕು. ಗೀರಿಗೆ ನಾನು ಎರಡು ಬಣ್ಣ ಬಳಸುತ್ತೇನೆ: ಮೊದಲು ಮೂಲ ಬಣ್ಣಕ್ಕಿಂತ ತುಸು ತಿಳಿಯಾದ ಹಳದಿಯಿಂದ ಮೇಲುಮೇಲಿನ ತರಚು, ಅವುಗಳಲ್ಲಿ ಕೆಲವೇ ಕೆಲವುಗಳ ಒಳಗೆ ಕಡುಕಂದಿನ ಒಂದು ಚುಕ್ಕೆ. ಹತ್ತು ತರಚಿನಲ್ಲಿ ಎರಡಕ್ಕೆ ಚುಕ್ಕೆ ಸಿಕ್ಕರೆ ಹೆಚ್ಚು. ಜಾಗಗಳು ಸಿಬ್ಬಂದಿ ಇಳಿದು ಹತ್ತುವ ಮುಚ್ಚಳದ ಅಂಚು, ಸಲಕರಣೆಗಳನ್ನು ಎಳೆದು ಇಡುವ ಕೊಂಡಿಗಳ ಸುತ್ತ, ಮರದ ರೆಂಬೆಗಳು ಉಜ್ಜುವ ಮುಂಭಾಗದ ಮೂಲೆಗಳು. ಫಿರಂಗಿ ಇರುವ ಗೋಪುರದ ಪಕ್ಕದ ಗೋಡೆಯ ನಟ್ಟನಡುವೆ ಯಾರೂ ಕಾಲಿಡುವುದಿಲ್ಲ.

ತುಕ್ಕು ಹಚ್ಚಲೇಬೇಕೆಂಬ ಆಸೆಗೆ ಪ್ಯಾಂಥರ್ ಒಂದು ಸೊಗಸಾದ ಜಾಗವನ್ನು ಬಿಟ್ಟುಕೊಟ್ಟಿದೆ: ಹಿಂಬದಿಯಲ್ಲಿ ನೆಟ್ಟಗೆ ನಿಂತ ಎರಡು ಎಕ್ಸಾಸ್ಟ್ ಕೊಳವೆಗಳು. ಕಾವಿಗೆ ಬಣ್ಣ ಸುಟ್ಟುಹೋಗಿ, ಬರಿಯಾದ ತಗಡು ಮಳೆ ಮಂಜಿಗೆ ತೆರೆದುಕೊಂಡು ವಾರಗಳಲ್ಲೇ ತುಕ್ಕು ಹಿಡಿಯುತ್ತದೆ. ಕೊಳವೆಗೆ ಕಡುಕಂದು ಆಕ್ರಿಲಿಕ್ ಬಳಿಯಿರಿ. ಅದು ಒಣಗುವ ಮೊದಲೇ, ಪಾಲಿಸ್ಟೈರೀನ್‌ಗೆ ಹಾಕುವ ತೆಳು ಅಂಟನ್ನು ಅಲ್ಲಲ್ಲಿ ಮುಟ್ಟಿಸಿ ಒರಟು ಕುಂಚದ ತುದಿಯಿಂದ ಕುಟ್ಟಿದರೆ ಪ್ಲಾಸ್ಟಿಕ್ ಮೆತ್ತಗಾಗಿ ಒರಟೊರಟಾಗುತ್ತದೆ. ಒಣಗಿದ ಮೇಲೆ ಕಿತ್ತಳೆ, ಕೆಂಗಂದು, ತುಸು ನೇರಳೆ ಮಿಶ್ರಿತ ಕಂದುಗಳನ್ನು ಸ್ಪಂಜಿನ ಚೂರಿನಿಂದ ಒಂದರ ಮೇಲೊಂದು ಒತ್ತಿ, ಹೊಸ ತುಕ್ಕು ತಿಳಿ ಕಿತ್ತಳೆ, ಹಳೆಯದು ಗಾಢ ಕಂದು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು. ಕೊಳವೆಯ ಬಾಯಿಯ ಒಳಗೆ ಕಪ್ಪು ಪಿಗ್ಮೆಂಟ್. ಬುಡದಲ್ಲಿರುವ ದಪ್ಪ ಎರಕದ ಕವಚಕ್ಕೆ ಈ ಅಬ್ಬರ ಬೇಡ. ಇಡೀ ಟ್ಯಾಂಕಿನಲ್ಲಿ ಕಣ್ಣಿಗೆ ಹೊಡೆಯುವ ತುಕ್ಕು ಈ ಎರಡು ಕೊಳವೆಗಳಲ್ಲಿ ಮಾತ್ರ ಇದ್ದರೆ ಅದರ ಬೆಲೆ ಗೊತ್ತಾಗುತ್ತದೆ. ಟ್ರ್ಯಾಕ್‌ಗಳಲ್ಲಿಯೂ ಕಂದು ಇರಲಿ, ಆದರೆ ನೆಲಕ್ಕೆ ಉಜ್ಜುವ ಏಣುಗಳು ದಿನವೂ ಸವೆದು ಹೊಳೆಯುತ್ತಿರುತ್ತವೆ. ಮೆತ್ತನೆಯ ಪೆನ್ಸಿಲಿನ ಸೀಸವನ್ನು ಅವುಗಳ ಮೇಲೆ ಉಜ್ಜಿದರೆ ಬೆಳ್ಳಿ ಬಣ್ಣಕ್ಕಿಂತ ಚೆನ್ನಾಗಿ ಉಕ್ಕಿನಂತೆ ಕಾಣುತ್ತದೆ.

ಕೆಸರಿನ ಬಗ್ಗೆ ಒಂದೇ ಮಾತು: ಅದು ಕೆಳಗಿನಿಂದ ಮೇಲಕ್ಕೆ ಬರುತ್ತದೆ. ಪ್ಯಾಂಥರ್‌ನ ಚಕ್ರಗಳು ಒಂದರ ಹಿಂದೊಂದು ಹೆಣೆದುಕೊಂಡಿರುವುದರಿಂದ ಅವುಗಳ ನಡುವೆ ಅದು ಗಟ್ಟಿಯಾಗಿ ತುಂಬಿಕೊಳ್ಳುತ್ತದೆ. ಮೇಲಕ್ಕೆ ಹೋದಂತೆ ತೆಳುವಾಗಿ, ಗೋಪುರದ ಹೊತ್ತಿಗೆ ಒಣ ಧೂಳು ಮಾತ್ರ ಉಳಿಯಬೇಕು. ಒಂದು ಟ್ಯಾಂಕಿಗೆ ಒಂದೇ ಮಣ್ಣು ಸಾಕು, ಆದರೆ ಅದರಲ್ಲಿ ಒಣಗಿದ್ದು ತಿಳಿಯಾಗಿ, ಹಸಿಯಾದದ್ದು ಗಾಢವಾಗಿ ಕಾಣಲಿ.

ನಮ್ಮ ಹವ್ಯಾಸದಲ್ಲಿ ವೆದರಿಂಗ್‌ಗೂ ಕಾಲಕಾಲಕ್ಕೆ ಬದಲಾಗುವ ಒಲವುಗಳಿವೆ. ವಾಷ್ ಹಚ್ಚಿ ಅಂಚುಗಳಿಗೆಲ್ಲ ತಿಳಿ ಬಣ್ಣದ ಒಣ ಕುಂಚ ಆಡಿಸುವುದೇ ಒಂದು ಕಾಲಕ್ಕೆ ಪರಮ ವಿದ್ಯೆಯಾಗಿತ್ತು. ಆಮೇಲೆ ಸ್ಪ್ಯಾನಿಶ್ ಶೈಲಿ ಎಂದು ಹೆಸರಾದ, ಪ್ರತಿ ಫಲಕವನ್ನೂ ತಿಳಿಯಿಂದ ಗಾಢಕ್ಕೆ ಇಳಿಸುವ ನಾಟಕೀಯ ಪದ್ಧತಿ ಬಂತು. ಎರಡೂ ನೋಡಲು ಚೆಂದ, ಎರಡೂ ನಿಜದಿಂದ ಸಾಕಷ್ಟು ದೂರ. ಬೇರೆಯವರ ಮಾಡೆಲ್ ನೋಡಿ ತುಕ್ಕು ಕಲಿಯುವ ಬದಲು ಆ ಕಾಲದ ಛಾಯಾಚಿತ್ರಗಳನ್ನು, ಇಂದು ಕೆಲಸ ಮಾಡುತ್ತಿರುವ ಮಣ್ಣೆತ್ತುವ ಯಂತ್ರಗಳನ್ನು, ಲಾರಿಗಳ ಹಿಂಬದಿಯನ್ನು ನೋಡಿ ಎಂಬುದು ನನ್ನ ಹಟ. ವಸ್ತುಸಂಗ್ರಹಾಲಯದ ಟ್ಯಾಂಕ್ ಅಷ್ಟು ನಂಬಿಕಸ್ಥ ಸಾಕ್ಷಿಯಲ್ಲ. ಅದಕ್ಕೆ ಎಷ್ಟೋ ಸಲ ಹೊಸ ಬಣ್ಣ ಬಳಿದಿರುತ್ತಾರೆ.

ಏರ್‌ಬ್ರಷ್‌ನಿಂದ ಸಿಗುವ ಲಾಭ ನಿಜಕ್ಕೂ ಇದೆ: ತೆಳುವಾದ, ಸಮನಾದ ಪದರ ಮತ್ತು ಮೆದು ಅಂಚಿನ ಮರೆವೇಷದ ಪಟ್ಟೆಗಳು. ಕೊಳ್ಳುವುದಾದರೆ 0.3 ಮಿಲಿಮೀಟರ್ ನಾಳದ್ದು ಎಲ್ಲ ಕೆಲಸಕ್ಕೂ ಒಗ್ಗುತ್ತದೆ. ಬಣ್ಣವನ್ನು ಹಾಲಿನಷ್ಟು ತೆಳು ಮಾಡಿ 15ರಿಂದ 20 ಪಿಎಸ್‌ಐ ಒತ್ತಡದಲ್ಲಿ ಸಿಂಪಡಿಸಿ. ಕೊಳ್ಳುವವರೆಗೆ ಅಗಲ ಕುಂಚದಿಂದ ಎರಡು ಮೂರು ತೆಳು ಪದರಗಳಲ್ಲಿ, ಒಂದೊಂದೂ ಒಣಗಿದ ಮೇಲೆ ಮುಂದಿನದನ್ನು ಬಳಿಯಿರಿ. ವಾರ್ನಿಷ್ ಮಾತ್ರ ಸ್ಪ್ರೇ ಡಬ್ಬಿಯಿಂದ ಆಗಬಹುದು. ಆದರೆ ಇನಾಮೆಲ್ ಬಳಿದ ಮಾಡೆಲ್‌ಗೆ ಡಬ್ಬಿಯ ಮೇಲಿನ ಬರಹವನ್ನು ಓದಿ ಲ್ಯಾಕರ್ ಅಲ್ಲದ್ದನ್ನೇ ಆರಿಸಿ. ಯಾವ ಸಿಂಪಡಣೆಗೂ ಕಿಟಕಿ ತೆರೆದಿರಲಿ, ಲ್ಯಾಕರ್‌ಗೆ ಸಾವಯವ ಆವಿ ತಡೆಯುವ ಫಿಲ್ಟರ್ ಇರುವ ಮುಖವಾಡವೇ ಬೇಕು. ಧೂಳಿನ ಬಟ್ಟೆ ಮಾಸ್ಕ್ ಆವಿಯನ್ನು ತಡೆಯುವುದಿಲ್ಲ. ರೆಸಿನ್ ಭಾಗಗಳನ್ನು ಉಪ್ಪುಕಾಗದದಿಂದ ಉಜ್ಜುವಾಗ ನೀರು ಹಾಕಿಕೊಂಡೇ ಉಜ್ಜಿ.

ಈಗ ಮೇಜಿನ ಮೇಲಿರುವ ಎರಡನ್ನೂ ಎಸೆಯಬೇಡಿ. ಸ್ಪಿಟ್‌ಫೈರನ್ನು ಎರಡು ವಾರ ಮುಟ್ಟದೆ ಇಟ್ಟು, ಬಿರುಕಿಗೆ ಸೂಪರ್ ಗ್ಲೂವಿನ ಒಂದು ಸಣ್ಣ ಹನಿ ತುಂಬಿ ನಯವಾಗಿ ಉಜ್ಜಿ, ಬಣ್ಣ ಎದ್ದ ಜಾಗಕ್ಕೆ ಮಾತ್ರ ಮತ್ತೆ ಬಳಿದು, ಅದೂ ಬಲಿತ ಮೇಲೆ ಇಡಿಯಾಗಿ ಆಕ್ರಿಲಿಕ್ ಹೊಳಪು ಹಚ್ಚಿ; ಮಿನುಗುವ ಡೆಕಾಲ್‌ಗಳಿಗೆ ಚುಚ್ಚುವ ಚಿಕಿತ್ಸೆಯನ್ನು ಆ ಹೊಳಪಿಗೆ ಮೊದಲೇ ಮುಗಿಸಿ. ಪ್ಯಾಂಥರ್‌ಗೆ ಮೂಲ ಹಳದಿಯನ್ನೇ ತುಸು ತಿಳಿಯಾಗಿಸಿ, ಸಣ್ಣ ಸ್ಪಂಜಿನಿಂದ, ದೊಡ್ಡ ಗೀರುಗಳ ಅಂಚನ್ನು ಒಳಮುಖವಾಗಿ ಒತ್ತುತ್ತಾ ಅವುಗಳ ಗಾತ್ರವನ್ನು ಮೂರನೇ ಒಂದು ಭಾಗಕ್ಕೆ ಇಳಿಸಿ. ಗೋಪುರದ ಗೋಡೆಗಳ ಮೇಲಿನವನ್ನು ಪೂರ್ತಿ ಮುಚ್ಚಿಬಿಡಿ. ಆಮೇಲೆ ಒಂದು ಮ್ಯಾಟ್ ಪದರ, ಅದರ ಮೇಲೆ ಮಣ್ಣಿನ ಬಣ್ಣದ ಪಿಗ್ಮೆಂಟನ್ನು ಚಕ್ರಗಳಿಂದ ಮೇಲಕ್ಕೆ ಕ್ರಮೇಣ ಕಡಿಮೆ ಮಾಡುತ್ತಾ ಸವರಿ. ಎಕ್ಸಾಸ್ಟ್ ಕೊಳವೆಗಳಿಗೆ ನೀವು ಈಗಾಗಲೇ ಹಚ್ಚಿರುವ ತುಕ್ಕು ಹಾಗೆಯೇ ಇರಲಿ.